ಬೋಟಿನ ಟಿಕೆಟ್ಟೂ, ಉಬ್ಬರ-ಇಳಿತದ ಟೈಮೂ

ನಮ್ಮ ಕರಾವಳಿಯಲ್ಲಿ ಬೋಟಿಂಗ್ ಈಗ ದೊಡ್ಡ ವ್ಯವಹಾರ. ಕಾರವಾರ, ಗೋಕರ್ಣ, ಹೊನ್ನಾವರ, ಮಲ್ಪೆ ಎಲ್ಲಿಗೆ ಹೋದರೂ ಒಂದು ಬೋರ್ಡು ಕಾಣುತ್ತೆ. ತಲೆಗೆ ಎಷ್ಟು ದುಡ್ಡು, ಎಷ್ಟು ಹೊತ್ತು ಸುತ್ತಾಟ, ಮಕ್ಕಳಿಗೆ ಅರ್ಧ ಟಿಕೆಟ್ಟೋ ಅಲ್ಲವೋ, ಎಲ್ಲಾ ಬರೆದಿರುತ್ತಾರೆ. ಇವತ್ತು ನೀರು ಎಷ್ಟು ಗಂಟೆಗೆ ಏರುತ್ತೆ, ಎಷ್ಟು ಗಂಟೆಗೆ ಇಳಿಯುತ್ತೆ ಅನ್ನೋದನ್ನು ಮಾತ್ರ ನಾನು ನೋಡಿದ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ನನ್ನ ಪ್ರಕಾರ ಟಿಕೆಟ್ ದರಕ್ಕಿಂತ ದಪ್ಪ ಅಕ್ಷರದಲ್ಲಿ ಇರಬೇಕಾದ ಮಾಹಿತಿ ಅದು. ಯಾಕೆ ಅಂತ ಹೇಳ್ತೀನಿ.

ಕಳೆದ ಡಿಸೆಂಬರ್‌ನಲ್ಲಿ ತದಡಿಗೆ ಹೋಗಿದ್ದೆ. ಗೋಕರ್ಣಕ್ಕೆ ಹೋದವರಲ್ಲಿ ಹೆಚ್ಚಿನವರು ಓಂ ಬೀಚ್ ನೋಡಿ ವಾಪಸ್ ಬರ್ತಾರೆ. ಇನ್ನೊಂದಿಷ್ಟು ದೂರ ಹೋದರೆ ತದಡಿ ಬಂದರು. ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆ ಅಲ್ಲೇ. ಈಚೆ ದಡದಲ್ಲಿ ತದಡಿ, ಆಚೆ ದಡದಲ್ಲಿ ನದಿಯದ್ದೇ ಹೆಸರಿನ ಅಘನಾಶಿನಿ ಊರು. ನಡುವೆ ಜನ, ಬೈಕು, ತರಕಾರಿ ಮೂಟೆ ಎಲ್ಲಾ ದಾಟೋದು ಬೋಟಿನಲ್ಲಿ. ನಾವು ಏಳೆಂಟು ಜನ ಸೇರಿ ಒಂದು ಮೋಟಾರು ಬೋಟು ಗೊತ್ತು ಮಾಡಿಕೊಂಡಿದ್ವಿ. ಒಳನೀರಿನಲ್ಲಿ ಕಾಂಡ್ಲ ಗಿಡಗಳ ನಡುವೆ ಒಂದು ಸುತ್ತು, ಆಮೇಲೆ ಅಳಿವೆಯ ಬಾಯಿ ತನಕ ಹೋಗಿ ಧಕ್ಕೆಗೆ ವಾಪಸ್ ಅಂತ ಮಾತಾಗಿತ್ತು.

ಒಳನೀರಿನ ಸುತ್ತು ಮುಗಿದ ಮೇಲೆ ಬೋಟಿನವರು ಅಳಿವೆ ಕಡೆ ತಿರುಗಿಸಲಿಲ್ಲ. "ನೀರು ಇಳೀತಾ ಇದೆ, ಈಗ ಬಾಯಿ ಹತ್ರ ಬೇಡ. ಒಂದೆರಡು ತಾಸು ತಡೀರಿ" ಅಂದರು. ನಮ್ಮಲ್ಲೇ ಒಬ್ಬರಿಗೆ ಸಿಟ್ಟು ಬಂತು. "ಏನಣ್ಣಾ, ದುಡ್ಡು ಜಾಸ್ತಿ ಬೇಕಾ? ಸಮುದ್ರ ತಣ್ಣಗಿದೆಯಲ್ಲ. ನಮಗೆ ಸಂಜೆ ಬಸ್ಸಿದೆ." ಬೋಟಿನವರು ವಾದ ಮಾಡಲಿಲ್ಲ. ಸೀದಾ ಧಕ್ಕೆಗೆ ತಂದು ನಿಲ್ಲಿಸಿ, ಅರ್ಧ ದುಡ್ಡು ಸಾಕು ಅಂದುಬಿಟ್ಟರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಉಬ್ಬರದಲ್ಲಿ ಒಳಗೆ ನುಗ್ಗಿದ ನೀರು ಇಳಿತದಲ್ಲಿ ಅದೇ ಕಿರಿದಾದ ಬಾಯಿಯಿಂದ ಹೊರಗೆ ಹೋಗಬೇಕು, ಜೊತೆಗೆ ನದಿಯ ನೀರೂ ಇದೆ. ಎದುರಿಗೆ ಸಮುದ್ರದ ಅಲೆ ಬರ್ತಿರುತ್ತೆ. ಎರಡೂ ಎದುರಾದ ಜಾಗದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತೆ. ಕೆಳಗೆ ಮರಳಿನ ದಿಬ್ಬ ಇದ್ದರಂತೂ ಅಲೆ ಅಲ್ಲೇ ಒಡೆಯುತ್ತೆ. ದೂರದಿಂದ ನೋಡೋರಿಗೆ ಸಮುದ್ರ ತಣ್ಣಗೆ ಕಂಡರೂ ಬಾಯಿಯಲ್ಲಿ ಮಾತ್ರ ನೀರು ಕುದಿಯೋ ಹಾಗಿರುತ್ತೆ. ಆ ದಿಬ್ಬವೂ ಒಂದೇ ಕಡೆ ಇರಲ್ಲ, ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತೆ.

ಲೆಕ್ಕ ಬಹಳ ಸರಳ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಹತ್ತು ಗಂಟೆಗೆ ಉಬ್ಬರ ಬಂದರೆ ನಾಳೆ ಹತ್ತೂ ಐವತ್ತರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಏರಿಳಿತ ಜೋರು, ಅಷ್ಟಮಿ ಆಸುಪಾಸು ಕಮ್ಮಿ. ಇಳಿಯುವಾಗಲೂ ನೀರು ಒಂದೇ ಸಮ ಇಳಿಯಲ್ಲ. ನಾವಿಕರು ಒಂದು ಅಂದಾಜಿನ ಲೆಕ್ಕ ಇಟ್ಕೊಂಡಿದ್ದಾರೆ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1, ಎರಡನೇದರಲ್ಲಿ 2, ಮೂರು ಮತ್ತು ನಾಲ್ಕನೇದರಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ಅಂದ್ರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಖಾಲಿ. ಬೋಟಿನವರು "ತಡೀರಿ" ಅಂದದ್ದು ಇದೇ ಹೊತ್ತಿಗೆ. ಅವರು ಲೆಕ್ಕ ಬರೆದು ಮಾಡಿರಲ್ಲ, ಆದರೆ ಉತ್ತರ ಅದೇ!

ನಮ್ಮ ಕಡೆ ಏರಿಳಿತ ಹೆಚ್ಚು ಕಮ್ಮಿ ಎರಡು ಮೀಟರಿನ ಒಳಗೇ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರ್ ದಾಟುತ್ತೆ. ಅಲಂಗ್‌ನಲ್ಲಿ ಹಳೇ ಹಡಗುಗಳನ್ನು ಒಡೆಯೋಕೆ ದಡ ಹತ್ತಿಸೋದೇ ಆ ಉಬ್ಬರದ ಬಲದಿಂದ. ನಮ್ಮದು ಕಮ್ಮಿ ಅನ್ನೋ ಕಾರಣಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲ್ಲ ಅನ್ಸುತ್ತೆ. ಆದರೆ ಎರಡು ಮೀಟರ್ ಅಂದ್ರೆ ಒಬ್ಬ ಆಳಿಗಿಂತ ಎತ್ತರ. ಬೋಟು ಕಟ್ಟೋ ಧಕ್ಕೆಯನ್ನೇ ನೋಡಿ. ಉಬ್ಬರದಲ್ಲಿ ಬೋಟಿನಿಂದ ಧಕ್ಕೆಗೆ ಒಂದು ಹೆಜ್ಜೆ. ಇಳಿತದಲ್ಲಿ ಅದೇ ಧಕ್ಕೆ ತಲೆ ಮಟ್ಟದ ಗೋಡೆ. ಅವತ್ತು ನಮ್ಮ ಬೋಟನ್ನು ಇನ್ನೆರಡು ಮೀನಿನ ಬೋಟುಗಳ ಪಕ್ಕ ಕಟ್ಟಿದರು. ನಾವು ಒಂದರಿಂದ ಒಂದಕ್ಕೆ ದಾಟಿ, ಟೈರು ಹಿಡಿದು ಮೇಲೆ ಹತ್ತಿದ್ವಿ. ಹುಡುಗರಿಗೆ ಅದು ಮಜಾ. ಸೀರೆ ಉಟ್ಟ, ಮಂಡಿನೋವಿನ ಅಮ್ಮಂದಿರಿಗೆ? ನೀರಿನ ಜೊತೆಗೇ ಏರಿ ಇಳಿಯೋ ತೇಲುವ ಜೆಟ್ಟಿ ಏನೂ ಹೊಸ ಕಂಡುಹಿಡಿತ ಅಲ್ಲ. ಜನ ಹತ್ತಿಳಿಯೋ ಪ್ರತಿ ಕಡೆ ಅದು ಇರಬೇಕು.

ಉಬ್ಬರದ ಟೈಮನ್ನು ಮೊದಲೇ ಹೇಳೋದು ಸಾಧ್ಯವಾ ಅಂತ ಕೇಳಬಹುದು. ನೂರೈವತ್ತು ವರ್ಷದ ಹಳೇ ವಿದ್ಯೆ ಸ್ವಾಮಿ ಅದು. ಲಾರ್ಡ್ ಕೆಲ್ವಿನ್ 1870ರ ದಶಕದಲ್ಲೇ ಹಲ್ಲುಚಕ್ರ, ರಾಟೆ, ದಾರ ಸೇರಿಸಿ ಉಬ್ಬರ ಲೆಕ್ಕ ಹಾಕೋ ಯಂತ್ರ ಮಾಡಿಸಿದ್ದ. 1879ರಲ್ಲಿ ಭಾರತದ ಬಂದರುಗಳಿಗೆ ಅಂತಲೇ ಇಂಥದ್ದೊಂದು ಯಂತ್ರ ಇಂಗ್ಲೆಂಡಿನಲ್ಲಿ ತಯಾರಾಯ್ತು. ಚಂದ್ರನಿಂದ ಬರೋ ಒಂದು ಅಲೆ, ಸೂರ್ಯನಿಂದ ಒಂದು, ಹೀಗೆ ಹತ್ತಾರು ಸೈನ್ ಅಲೆಗಳನ್ನು ಕೂಡಿಸೋದು, ಅಷ್ಟೇ ಕೆಲಸ. ಇಂಜಿನಿಯರಿಂಗ್‌ನಲ್ಲಿ ಫೋರಿಯರ್ ಅಂತ ಬಾಯಿಪಾಠ ಹೊಡೆದು ಮರೆತಿದ್ದೀವಲ್ಲ, ಅದೇ :-) ಈಗ ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಬಂದರುಗಳ ಟೇಬಲ್ ಹಾಕುತ್ತೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತೆ. ಮಾಹಿತಿಗೆ ಬರ ಇಲ್ಲ. ಅದು ಧಕ್ಕೆಯ ಬೋರ್ಡಿಗೆ ಕನ್ನಡದಲ್ಲಿ ಇಳಿದು ಬರ್ತಿಲ್ಲ, ಅಷ್ಟೇ.

"ಬೋಟಿನವರಿಗೆ ಎಲ್ಲಾ ಗೊತ್ತಿರುತ್ತೆ, ಬೋರ್ಡು ಯಾಕೆ?" ಅಂತ ಗೆಳೆಯನೊಬ್ಬ ಕೇಳಿದ. ಗೊತ್ತಿರುತ್ತೆ, ಒಪ್ಪಿದೆ. ಟೇಬಲ್ಲಿಗೆ ಗೊತ್ತಿಲ್ಲದ್ದೂ ಅವರಿಗೆ ಗೊತ್ತಿರುತ್ತೆ. ಗಾಳಿ ಎತ್ತ ತಿರುಗಿದೆ, ಮರಳು ದಿಬ್ಬ ಈ ವರ್ಷ ಎಲ್ಲಿದೆ ಅನ್ನೋದು ಯಾವ ಸೈನ್ ಅಲೆಯಲ್ಲೂ ಇಲ್ಲ. ಬೋರ್ಡು ಬೇಕಿರೋದು ಅವರಿಗಲ್ಲ, ನಮಗೆ. "ಬಸ್ಸಿದೆ, ನಡೀರಿ" ಅಂತ ಒತ್ತಡ ಹಾಕೋರು ನಾವು. ಅವತ್ತು ನಮ್ಮ ಬೋಟಿನವರು ಅರ್ಧ ಬಾಡಿಗೆ ಬಿಟ್ಟುಕೊಟ್ಟು ಬೇಡ ಅಂದರು. ಡೀಸೆಲ್ ಸಾಲ, ಬೋಟಿನ ಕಂತು ಇರೋ ಎಲ್ಲರೂ ಹಾಗೆ ಅನ್ನೋಕೆ ಆಗುತ್ತಾ? ಬೋರ್ಡಿನಲ್ಲೇ "2ರಿಂದ 4 ಗಂಟೆ, ಅಳಿವೆಗೆ ಬೋಟು ಇಲ್ಲ" ಅಂತ ಇದ್ದರೆ ಅವರ 'ಬೇಡ'ಕ್ಕೆ ಬೆನ್ನೆಲುಬು ಸಿಗುತ್ತೆ, ಬಾಡಿಗೆಯೂ ಉಳಿಯುತ್ತೆ.

ಇದು ಸುಮ್ಮನೆ ಹೆದರಿಸೋ ಮಾತಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋದ ಬೋಟು ಮಗುಚಿ 16 ಜನ ತೀರಿಕೊಂಡರು, ಅದರಲ್ಲಿ ಮಕ್ಕಳೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಅಲ್ಲಿ ಸಮುದ್ರವೂ ಅಲ್ಲ, ಹಿನ್ನೀರು. ಮೀನಿನ ದೋಣಿಯನ್ನೇ ಬದಲಾಯಿಸಿ ಪ್ರವಾಸಿ ಬೋಟು ಮಾಡಿ, ಮಿತಿ ಮೀರಿ ಜನ ತುಂಬಿದ್ದರು. ಈ ಎರಡೂ ಕಡೆ ತಪ್ಪು ಉಬ್ಬರ-ಇಳಿತದ್ದು ಅಂತ ನಾನು ಹೇಳ್ತಿಲ್ಲ. ಆದರೆ ಹತ್ತೋ ಮುಂಚೆ ಯಾರೂ ಪ್ರಶ್ನೆ ಕೇಳದ ಅಭ್ಯಾಸ ಎಲ್ಲಾ ಕಡೆ ಒಂದೇ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಜಲನೌಕೆಗಳ ಹೊಸ ಕಾಯ್ದೆ ಬಂತು, ನೋಂದಣಿ ಮತ್ತು ತಪಾಸಣೆ ಎಲ್ಲಾ ಅದರಲ್ಲಿದೆ. ಲೈಫ್ ಜಾಕೆಟ್ ಮಾತ್ರ ಇವತ್ತಿಗೂ ಸೀಟಿನ ಕೆಳಗೆ ಮಡಚಿ ಕೂತಿರುತ್ತೆ, ಫೋಟೋ ಚೆನ್ನಾಗಿ ಬರಲ್ಲ ಅಂತ!

ಇನ್ನೊಂದು ಮಾತು. ಇಳಿತ ಅಂದ್ರೆ ನಮಗೆ ಬೋಟು ಇಲ್ಲದ ಹೊತ್ತು, ಅಲ್ಲಿನವರಿಗೆ ದುಡಿಮೆಯ ಹೊತ್ತು. ನೀರು ಇಳಿದಾಗ ಅಘನಾಶಿನಿಯಲ್ಲಿ ಗಂಡಸರು, ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಆರಿಸ್ತಾರೆ (ಮಂಗಳೂರು ಕಡೆ ಮರುವಾಯಿ ಅಂತಾರಲ್ಲ, ಆ ಜಾತಿಯದ್ದು). ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೀತಾರೆ. ಅಣೆಕಟ್ಟಿಲ್ಲದ ಈ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದೆ. ಅವರ ಪಕ್ಕದಲ್ಲೇ ಜೋರಾಗಿ ಬೋಟು ಓಡಿಸಿ, ಅಲೆ ಎಬ್ಬಿಸಿ, ಕೇಕೆ ಹಾಕಿಕೊಂಡು ಹೋಗೋದು ಯಾವ ಸೀಮೆಯ ಪ್ರವಾಸ? ಇಳಿತದ ಹೊತ್ತನ್ನು ಅವರಿಗೆ ಬಿಟ್ಟುಕೊಟ್ಟರೆ ಅವರ ಕೆಲಸವೂ ಕೆಡಲ್ಲ, ನಮ್ಮ ಜೀವಕ್ಕೂ ಒಳ್ಳೇದು.

ನಾನು ಕೇಳ್ತಿರೋದು ದೊಡ್ಡ ಬಜೆಟ್ಟಿನದ್ದೇನಲ್ಲ. ಧಕ್ಕೆಗೊಂದು ಕರಿಹಲಗೆ, ಅದರಲ್ಲಿ ಅವತ್ತಿನ ಉಬ್ಬರ-ಇಳಿತದ ಟೈಮು. ಪಕ್ಕದಲ್ಲಿ ಬೋಟಿಗೆ ಎಷ್ಟು ಜನ ಅನ್ನೋ ಸಂಖ್ಯೆ. ಜಾಕೆಟ್ ಹಾಕದವರಿಗೆ ಬೋಟಿಲ್ಲ. ತೇಲುವ ಜೆಟ್ಟಿಗೆ ಮಾತ್ರ ಸ್ವಲ್ಪ ಖರ್ಚಾಗುತ್ತೆ, ಅದು ಆಮೇಲಾದರೂ ಬರಲಿ. ಅಲ್ಲಿ ತನಕ ನಾವು ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಬೋಟು ಹತ್ತೋ ಮುಂಚೆ "ಎಷ್ಟು ದುಡ್ಡು?" ಅನ್ನೋದಕ್ಕಿಂತ ಮೊದಲು "ನೀರು ಏರ್ತಿದೆಯಾ, ಇಳೀತಿದೆಯಾ?" ಅಂತ ಕೇಳಿ. ಬೋಟಿನವರು "ಈಗ ಬೇಡ" ಅಂದರೆ ಪಕ್ಕದ ಹೋಟೆಲಲ್ಲಿ ಒಂದು ಚಾ ಕುಡೀರಿ. ಬಸ್ಸು ನಾಳೆಯೂ ಇದೆ.

ಕರಾವಳಿ ಕಡೆಯ ಬ್ಲಾಗಿಗರೇ, ನಿಮ್ಮೂರ ಧಕ್ಕೆಯಲ್ಲಿ ಇಂಥ ಬೋರ್ಡು ಇದೆಯಾ? ಇದ್ದರೆ ಖಂಡಿತ ತಿಳಿಸಿ, ಖುಷಿಯಾಗುತ್ತೆ.