'ಯಾಕೆ' ಅನ್ನೋ ಕಾಲಂ

ನಾನು ಬರೆದ ಕೋಡು ಕೊನೆಗೆ ಒಂದು ಪ್ರಿಂಟರಿನಲ್ಲಿ ಹೋಗಿ ಮುಗಿಯುತ್ತಿತ್ತು ಅಂತ ಗೊತ್ತಾದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಒಂದು ವಿಮಾ ಕಂಪನಿಗೆ ನಮ್ಮ ತಂಡ ಹದಿನಾಲ್ಕು ತಿಂಗಳು ಕೂತು ಒಂದು ಮೊಬೈಲ್ ಆಪ್ ಮಾಡಿಕೊಟ್ಟಿತು. ಕಂಪನಿಯ ಹೆಸರು ಬೇಡ, ನನಗಿನ್ನೂ ಕೆಲಸ ಬೇಕು :) ಆಸ್ಪತ್ರೆ ಬಿಲ್ಲಿನ ಫೋಟೋ ತೆಗೆದು ಕಳಿಸಿದರೆ ಸಾಕು, ಕ್ಲೇಮು ದಾಖಲಾಗುತ್ತದೆ. ಮೊದಲ ದಿನದ ಮೀಟಿಂಗಿನಲ್ಲಿ ಅವರ ಕಡೆಯ ದೊಡ್ಡವರೊಬ್ಬರು ಹೇಳಿದ್ದು ಒಂದೇ ಮಾತು, "ಕ್ಲೇಮು ಹಾಕಿದ ಏಳು ದಿನದೊಳಗೆ ಜನರಿಗೆ ದುಡ್ಡು ಸಿಗಬೇಕು". ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬಂದಿದ್ದೆಲ್ಲ ಸ್ಕ್ರೀನು, ಬಟನ್ನು, ರಿಲೀಸ್ ಡೇಟು.

ಆಪ್ ಹೊರಗೆ ಬಂತು. ಕೇಕ್ ಕತ್ತರಿಸಿದೆವು. ಮೂರು ತಿಂಗಳಾದ ಮೇಲೆ ನೋಡಿದರೆ ದುಡ್ಡು ಕೈಸೇರಲು ಮೊದಲು ಎಷ್ಟು ದಿನ ಹಿಡಿಯುತ್ತಿತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ! ಕಾರಣ ತುಂಬ ಸರಳ. ನಮ್ಮ ಆಪಿನಿಂದ ಬಂದ ಫೋಟೋಗಳನ್ನು ಆ ಕಡೆ ಒಬ್ಬ ಗುಮಾಸ್ತರು ಪ್ರಿಂಟ್ ತೆಗೆದು, ಪಿನ್ ಹೊಡೆದು, ಫೈಲ್ ಮಾಡಿ, ಇನ್ನೊಂದು ಹಳೇ ಸಿಸ್ಟಮ್ಮಿಗೆ ಕೈಯಾರೆ ಟೈಪ್ ಮಾಡುತ್ತಿದ್ದರು. ಆ ಸಿಸ್ಟಮ್ಮು ಬೇರೆ ವಿಭಾಗದ್ದು. ಅದರ ಬಜೆಟ್ ಬೇರೆ, ಅದನ್ನು ನೋಡಿಕೊಳ್ಳುವ ಕಂಪನಿಯೂ ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಎತ್ತೂ ಮೈಮುರಿದು ಎಳೆದಿತ್ತು, ಕೋಣವೂ ಎಳೆದಿತ್ತು, ಗಾಡಿ ಮಾತ್ರ ಇದ್ದಲ್ಲೇ.

ನನ್ನನ್ನು ಕುಟುಕಿದ್ದು ಇದಲ್ಲ. ನಮ್ಮ ಡಿಸೈನ್ ಚಿತ್ರದ ಬಲಮೂಲೆಯಲ್ಲಿ ಚುಕ್ಕೆಗೆರೆಯ ಒಂದು ಪುಟ್ಟ ಡಬ್ಬಿ ಇತ್ತು. ಅದರ ಮೇಲೆ 'ಆಫ್‌ಲೈನ್ ಪ್ರೋಸೆಸ್' ಅಂತ ಬರೆದಿತ್ತು. ಹದಿನಾಲ್ಕು ತಿಂಗಳು ದಿನಾ ಆ ಚಿತ್ರ ನೋಡಿದ್ದೇನೆ. ಒಂದು ದಿನವೂ "ಇದರೊಳಗೆ ಏನಾಗುತ್ತೆ?" ಅಂತ ಕೇಳಲಿಲ್ಲ. ನಮ್ಮ ಸ್ಕೋಪಿನಲ್ಲಿ ಇರಲಿಲ್ಲ ನೋಡಿ, ಅದಕ್ಕೆ!

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅನ್ನೋ ಪದ ಕೇಳಿದರೆ ನಮ್ಮಂಥ ಕೋಡ್ ಬರೆಯುವವರಿಗೆ ನಿದ್ದೆ ಬರುತ್ತದೆ. ಕೋಟು ಹಾಕಿದ ಯಾರೋ ಬಣ್ಣಬಣ್ಣದ ಡಬ್ಬಿಗಳ ಪಿಪಿಟಿ ತೋರಿಸಿ ಹೋಗುವುದು ಅಂತಲೇ ನಾನೂ ಅಂದುಕೊಂಡಿದ್ದೆ. ಆ ಪ್ರಿಂಟರಿನ ಕಥೆಯಾದ ಮೇಲೆ ಕುತೂಹಲಕ್ಕೆ ಓದತೊಡಗಿದೆ. ಸಾರಾಂಶ ಇಷ್ಟೇ: ಒಂದು ಸಂಸ್ಥೆಗೆ ಏನು ಸಾಧಿಸಬೇಕಿದೆ, ಅದಕ್ಕೆ ಯಾರು ಯಾವ ಕೆಲಸ ಮಾಡುತ್ತಾರೆ, ಆ ಕೆಲಸಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾವ ಸಾಫ್ಟ್‌ವೇರಿನಲ್ಲಿ, ಯಾವ ಯಂತ್ರದಲ್ಲಿದೆ - ಇಷ್ಟನ್ನೂ ಒಂದಕ್ಕೊಂದು ಗಂಟು ಹಾಕಿ ಒಂದೇ ಕಡೆ ನೋಡುವುದು. ಮೇಲಿನ ಗುರಿಯಿಂದ ಕೆಳಗಿನ ಸರ್ವರಿನವರೆಗೆ ಬೆರಳಿಟ್ಟು ಎಳೆದುಕೊಂಡು ಬಂದರೆ ಗೆರೆ ಎಲ್ಲೂ ತುಂಡಾಗಬಾರದು. ನಮ್ಮಲ್ಲಿ ಅದು ಪ್ರಿಂಟರಿನ ಹತ್ತಿರ ತುಂಡಾಗಿತ್ತು.

ಓದುವಾಗ ಒಂದು ಸಂಗತಿ ಬಹಳ ಹಿಡಿಸಿತು. ಈ ವಿಷಯಕ್ಕೆ ಅಡಿಪಾಯ ಹಾಕಿದವರು ಐಬಿಎಂನ ಜಾನ್ ಝಾಕ್ಮನ್. 1987ರಲ್ಲಿ ಅವರು ಬರೆದ ಲೇಖನದಲ್ಲಿ ಒಂದು ಕೋಷ್ಟಕವಿದೆ. ಮನೆ ಕಟ್ಟುವಾಗ ಮಾಲೀಕನಿಗೆ ಒಂದು ನಕ್ಷೆ, ಕಟ್ಟುವವನಿಗೆ ಇನ್ನೊಂದು ನಕ್ಷೆ ಇರುವ ಹಾಗೆ, ಮಾಹಿತಿ ವ್ಯವಸ್ಥೆಗೂ ಬೇರೆಬೇರೆ ನೋಟಗಳು ಬೇಕು ಅನ್ನುವುದು ಅವರ ವಾದ. ಆ ಮೊದಲ ಕೋಷ್ಟಕದಲ್ಲಿ ವಿವರವಾಗಿ ತುಂಬಿದ್ದು ಮೂರೇ ಕಾಲಂ: ಏನು, ಹೇಗೆ, ಎಲ್ಲಿ. ಯಾರು, ಯಾವಾಗ, ಯಾಕೆ ಅನ್ನುವ ಇನ್ನು ಮೂರನ್ನು ಜಾನ್ ಸೋವಾ ಜತೆ ಸೇರಿ ವಿಸ್ತರಿಸಿದ್ದು 1992ರಲ್ಲಿ. ಅಂದರೆ 'ಯಾಕೆ' ಬರಲು ಐದು ವರ್ಷ ಹಿಡಿಯಿತು! ನಮ್ಮ ಪ್ರಾಜೆಕ್ಟುಗಳಲ್ಲಂತೂ ಅದು ಬರುವುದೇ ಇಲ್ಲ.

ಇದು ನಮ್ಮ ಹಾಗೆ ಚಿಕ್ಕಪುಟ್ಟವರ ತಪ್ಪು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1996ರಲ್ಲಿ ಕ್ಲಿಂಗರ್-ಕೋಹೆನ್ ಕಾಯ್ದೆ ಬಂತು. ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಐಟಿಗೆ ಒಂದು ಆರ್ಕಿಟೆಕ್ಚರ್ ಇಟ್ಟುಕೊಳ್ಳಬೇಕು ಅಂತ ಅದು ಹೇಳಿತು. ಹಾಗಿದ್ದೂ ಎಫ್‌ಬಿಐ 2001ರಲ್ಲಿ ಹಳೆಯ ಕೇಸ್ ಫೈಲ್ ವ್ಯವಸ್ಥೆ ಬದಲಿಸಲು ಹೊರಟಾಗ ಅವರ ಬಳಿ ಆ ನಕ್ಷೆ ಇರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ದಾಳಿಯಾಯಿತು. ಅಪರಾಧವಾದ ಮೇಲೆ ತನಿಖೆ ಮಾಡುವುದರ ಜತೆಗೆ ದಾಳಿಯನ್ನು ಮೊದಲೇ ತಡೆಯುವುದು ಸಂಸ್ಥೆಯ ಮುಖ್ಯ ಗುರಿಯಾಯಿತು. ಗುರಿ ಬದಲಾಯಿತು, ಬೇಡಿಕೆಗಳು ಬದಲಾಗುತ್ತಲೇ ಹೋದವು, ಬೇಡಿಕೆಗಳ ಕಡತವೇ 800 ಪುಟ ದಾಟಿತು. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಇಲ್ಲ ಅಂತ 2003ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಎಚ್ಚರಿಸಿತು. 2004ರಲ್ಲಿ ಪರಿಣತರ ಸಮಿತಿಯೊಂದು ಅದನ್ನೇ ಹೇಳಿತು. 2005ರಲ್ಲಿ ಸುಮಾರು 17 ಕೋಟಿ ಡಾಲರಿನ ಆ ಸಾಫ್ಟ್‌ವೇರನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದ ಇನ್ನೊಂದು ವ್ಯವಸ್ಥೆ ಪೂರ್ತಿಯಾಗಿ ಚಾಲೂ ಆಗಿದ್ದು 2012ರಲ್ಲಿ. ಕಾಯ್ದೆ ಮಾಡಿದರೂ 'ಯಾಕೆ' ಕೇಳುವ ಅಭ್ಯಾಸ ತಾನಾಗಿ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಕೇ?

ಹಾಗಾದರೆ ಸರಿಯಾಗಿ ಆಗಿದ್ದು ಎಲ್ಲೂ ಇಲ್ಲವೇ? ನಮ್ಮಲ್ಲೇ ಇದೆ. 'ಭೂಮಿ'. ಅದು ಶುರುವಾದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ಕಥೆಯನ್ನು ಅಪ್ಪ ಈಗಲೂ ಹೇಳುತ್ತಾರೆ. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ 177 ತಾಲೂಕು ಕಚೇರಿಗಳಲ್ಲಿ ಕೌಂಟರ್ ತೆರೆದರು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು.

ಬರೀ ಡೇಟಾ ಎಂಟ್ರಿ ಮಾಡಿ ಬಿಟ್ಟಿದ್ದರೆ ಅದೂ ನಮ್ಮ ಆಪಿನ ಹಾಗೇ ಆಗುತ್ತಿತ್ತು. ಅವರು ಮಾಡಿದ್ದು ಬೇರೆ. ಕಂಪ್ಯೂಟರ್ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ನಡುವೆ ಹಾರಿಸುವಂತಿಲ್ಲ ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿದರು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಡಬೇಕು, ನಾಳೆ "ನಾನಲ್ಲ" ಅನ್ನುವಂತಿಲ್ಲ. ರೈತ ಯಾರ ಕೈಕಾಲೂ ಹಿಡಿಯದೆ ದಾಖಲೆ ಪಡೆಯಬೇಕು ಅನ್ನುವ ಗುರಿಯಿಂದ ಕಾನೂನು, ಕೆಲಸದ ಸರದಿ, ಅಧಿಕಾರಿಯ ಬೆರಳು, ಪ್ರಿಂಟರಿನವರೆಗೂ ಗೆರೆ ಎಳೆದಿದ್ದರು. ಮುಂದೆ ನೋಂದಣಿ ಇಲಾಖೆಯ 'ಕಾವೇರಿ'ಯನ್ನೂ ಇದಕ್ಕೆ ಜೋಡಿಸಿ, ಜಮೀನು ನೋಂದಣಿಯಾದರೆ ಆ ಮಾಹಿತಿ ನೇರ ಭೂಮಿಗೆ ಹೋಗುವಂತೆ ಮಾಡಿದರು. ಅಲ್ಲಿಯೂ ಪ್ರಿಂಟರ್ ಇತ್ತು, ಆದರೆ ಅದರಿಂದ ಬಂದ ಕಾಗದ ರೈತನ ಕೈಗೇ ಹೋಗುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಹಳ್ಳಿಯಲ್ಲಿ ಚೆದುರಿಕೊಂಡಿದ್ದ ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತು ಅಂತ 2007ರಲ್ಲೇ ಕೆಲವು ಸಂಶೋಧಕರು ಟೀಕಿಸಿದ್ದರು. ದಾಖಲೆ ಸರಿಯಿಲ್ಲದ ಸಣ್ಣ ರೈತನಿಗೆ ತಾಲೂಕು ಕಚೇರಿ ಇನ್ನೂ ದೂರವೇ. ನನಗೆ ಕಾಣುವುದು ಇಷ್ಟು: ಆರ್ಕಿಟೆಕ್ಚರ್ ಗುರಿಯನ್ನು ಒಳ್ಳೆಯದು ಮಾಡುವುದಿಲ್ಲ. ಯಾವ ಗುರಿ ಕೊಟ್ಟರೂ ಅದಕ್ಕೆ ಬಲ ಕೊಡುತ್ತದೆ. ಅದಕ್ಕೇ 'ಯಾಕೆ' ಜತೆಗೆ 'ಯಾರಿಗೆ' ಅಂತಲೂ ಕೇಳಬೇಕು.

"ಇದೆಲ್ಲ ಮ್ಯಾನೇಜರುಗಳ ತಲೆನೋವು, ಕೋಡ್ ಬರೆಯುವವನಿಗೆ ಯಾಕೆ?" ಅಂತ ನನ್ನ ಗೆಳೆಯ ಕೇಳಿದ. ನನ್ನ ಉತ್ತರ ಉಲ್ಟಾ. ಗೆರೆ ತುಂಡಾಗುವ ಜಾಗ ಮೇಲಿನವರಿಗೆ ಕಾಣುವುದೇ ಇಲ್ಲ. ಅವರಿಗೆ ಕಾಣುವುದು ಹಸಿರು ಬಣ್ಣದ ಡ್ಯಾಶ್‌ಬೋರ್ಡು. ಚುಕ್ಕೆಗೆರೆಯ ಡಬ್ಬಿಯ ಪಕ್ಕದಲ್ಲಿ ಕೂತಿರುವವರು ನಾವು. ಇನ್ನೊಂದು ಕಹಿ ಮಾತೂ ಇದೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ನಮ್ಮ ಉದ್ಯಮದಲ್ಲಿ "ಈ ಸ್ಕ್ರೀನು ನಿಜಕ್ಕೂ ಬೇಕಾ?" ಅಂತ ಕೇಳಿದವನಿಗೆ ಬಹುಮಾನವಿಲ್ಲ. ಕೇಳದೆ ಕಟ್ಟಿಕೊಟ್ಟವನಿಗೆ ಕೇಕ್ ಇದೆ. ಹೀಗಿರುವವರೆಗೂ ಎಷ್ಟು ಟೋಗಾಫ್ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದರೂ ಅಷ್ಟೇ.

ಅದಕ್ಕೇ ಈಗ ನಾನೊಂದು ಸಣ್ಣ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹೊಸ ಕೆಲಸ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ: ಇದರಿಂದ ಯಾರಿಗೆ, ಏನು, ಎಷ್ಟು ಬೇಗ ಸಿಗಬೇಕು? ಸಾಲು ಬರೆಯಲಾಗದಿದ್ದರೆ ಮೀಟಿಂಗಿನಲ್ಲಿ ಕೈ ಎತ್ತುತ್ತೇನೆ. ಎರಡು ಸಲ ಬೈಸಿಕೊಂಡಿದ್ದೇನೆ. ಮೂರನೇ ಸಲ ಅವರ ಕಡೆಯ ಒಬ್ಬರು ಸುಮ್ಮನಿದ್ದು, "ಒಳ್ಳೇ ಪ್ರಶ್ನೆ, ನಾಳೆ ವಿಚಾರಿಸಿ ಹೇಳ್ತೀನಿ" ಅಂದರು. ಆ ಗುಮಾಸ್ತರ ಪ್ರಿಂಟರ್ ಇನ್ನೂ ನಿಂತಿಲ್ಲ, ಆದರೆ ಎರಡು ಸಿಸ್ಟಮ್ಮು ಜೋಡಿಸುವ ಮಾತು ಶುರುವಾಗಿದೆ. ಅಲ್ಲೊಬ್ಬರು ಆಸ್ಪತ್ರೆ ಬಿಲ್ ಕಟ್ಟಲು ಸಾಲ ಮಾಡಿ, ಕ್ಲೇಮಿನ ದುಡ್ಡಿಗೆ ಕಾಯುತ್ತಿರುತ್ತಾರೆ. ನಮ್ಮ ಚಿತ್ರದಲ್ಲಿ ಅವರಿಗೊಂದು ಡಬ್ಬಿಯೇ ಇರಲಿಲ್ಲ.

ನಿಮ್ಮ ಆಫೀಸಿನ ಚಿತ್ರದಲ್ಲೂ ಚುಕ್ಕೆಗೆರೆಯ ಡಬ್ಬಿ ಇದೆಯಾ? ಒಮ್ಮೆ ತೆಗೆದು ನೋಡಿ.