ಮನೆಯ ಲೇತು, ಅಣ್ಣನ ಪಾಠ



ಕಾಳಿದಾಸನ ರಘುವಂಶದ ಆರನೆಯ ಸರ್ಗವನ್ನು ನಾನು ವಿದ್ಯಾರ್ಥಿಗಳಿಗೆ ಹಲವು ಸಲ ಪಾಠ ಹೇಳಿದ್ದೇನೆ. ಇಂದುಮತಿಯ ಸ್ವಯಂವರಕ್ಕೆ ಬಂದ ಅವಂತಿಯ ಅರಸನನ್ನು, ದೇವಶಿಲ್ಪಿಯು ಯಂತ್ರಕ್ಕೇರಿಸಿ ಕಡೆದ ಸೂರ್ಯನಿಗೆ ಕವಿಯು ಅಲ್ಲಿ ಹೋಲಿಸುತ್ತಾನೆ. ಈ ಕಥೆ ವಿಷ್ಣುಪುರಾಣದಲ್ಲಿದೆ. ಗಂಡನ ತೇಜಸ್ಸನ್ನು ತಾಳಲಾರದ ಸಂಜ್ಞಾದೇವಿಗಾಗಿ ವಿಶ್ವಕರ್ಮನು ಸೂರ್ಯನನ್ನು ತಿರುಗುವ ಯಂತ್ರದ ಮೇಲಿಟ್ಟು ಎಂಟನೆಯ ಒಂದು ಪಾಲನ್ನು ಸವೆಸಿದನಂತೆ. ಉದುರಿದ ತೇಜಸ್ಸಿನಿಂದ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವಂತೆ. ‘ಭ್ರಮ’ ಎಂದರೆ ಕಡೆಯುವ ಯಂತ್ರವೆಂದೂ ಅರ್ಥವಿದೆಯೆಂದು ಮಕ್ಕಳಿಗೆ ಟಿಪ್ಪಣಿ ಬರೆಸುತ್ತಿದ್ದೆನು. ಆದರೆ ಆ ಯಂತ್ರವನ್ನು ನಾನು ಹತ್ತಿರ ನಿಂತು ನೋಡಿದವನಲ್ಲ.

ನೋಡಬೇಕೆಂದಿದ್ದರೆ ದೂರ ಹೋಗಬೇಕಾಗಿರಲಿಲ್ಲ. ನನ್ನ ಅಣ್ಣನು ಹದಿನೈದನೆಯ ವಯಸ್ಸಿನಿಂದಲೂ ಇದೇ ಹಿರಿಯೂರಿನ ಒಂದು ದುರಸ್ತಿ ಅಂಗಡಿಯಲ್ಲಿ ಲೇತಿನ ಮುಂದೆ ನಿಂತವನು. ತಂದೆಯವರು ತೀರಿಕೊಂಡಾಗ ಅವನು ಶಾಲೆ ಬಿಟ್ಟನು. ಅವನ ಕೂಲಿಯಿಂದ ನಾನು ಸಂಸ್ಕೃತ ಓದಿದೆನು. ಹೊಸದುರ್ಗ, ಹೊಳಲ್ಕೆರೆಗಳ ತೋಟಗಳಿಂದ ಕೆಟ್ಟ ಪಂಪುಗಳು ಬರುತ್ತಿದ್ದವು. ಸವೆದ ದಂಡಗಳನ್ನು ಅಣ್ಣನು ಸರಿಪಡಿಸಿ ಕಳುಹಿಸುತ್ತಿದ್ದನು. ಒಣ ಸೀಮೆಯ ಎಷ್ಟೋ ಅಡಿಕೆ, ತೆಂಗುಗಳು ಆ ಕೈಗಳಿಂದ ಬದುಕಿದುವು. ಇದೆಲ್ಲವನ್ನೂ ನಾನು ಬಲ್ಲೆನು. ಆದರೂ ಆ ಅಂಗಡಿಯ ಹೊಸಿಲನ್ನು ಒಮ್ಮೆಯೂ ತುಳಿಯಲಿಲ್ಲ.

ಈಗ ಅಣ್ಣನು ದುಡಿಮೆಯಿಂದ ವಿಶ್ರಾಂತನು. ಹಳೆಯದೊಂದು ಲೇತನ್ನು ಕೊಂಡುತಂದು, ದನಗಳಿಲ್ಲದ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಅದು ಹರಿಹರದಲ್ಲಿ ತಯಾರಾದದ್ದು. 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭಿಸಿದ ಕಿರ್ಲೋಸ್ಕರ್ ಮನೆತನದವರು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿ ಲೇತುಗಳನ್ನು ಮಾಡತೊಡಗಿದರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೂ ಹರಿಹರವು ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದಿತು. ಆ ಕಾರ್ಖಾನೆ ಇಂದಿಲ್ಲ. ಅಲ್ಲಿ ಹುಟ್ಟಿದ ಯಂತ್ರಗಳು ಮಾತ್ರ ಇನ್ನೂ ತಿರುಗುತ್ತಿವೆ. ಇನ್ನೂ ಹಿಂದಕ್ಕೆ ಹೋದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಎಂಬ ವಿದ್ವಾಂಸರು ಅಗೆಸಿದಾಗ ಬೃಹತ್ ಶಿಲಾಗೋರಿಗಳೊಳಗೆ ಕಬ್ಬಿಣದ ಆಯುಧಗಳು ದೊರೆತುವು. ಲೋಹದ ಕೆಲಸವು ಈ ನೆಲಕ್ಕೆ ಹೊಸದಲ್ಲ, ಹೊಸಬನು ನಾನೊಬ್ಬನೇ.

ಲೇತೆಂದರೇನೆಂದು ಗೃಹಿಣಿಯರು ಕೇಳಬಹುದು. ಕುಂಬಾರನ ಚಕ್ರವನ್ನು ಅಡ್ಡ ಮಲಗಿಸಿದಂತೆ ಎಣಿಸಿಕೊಳ್ಳಿ. ಲೋಹದ ತುಂಡನ್ನು ಹಿಡಿದ ಚಕ್ಕು ತಿರುಗುತ್ತದೆ. ಗಟ್ಟಿ ಉಕ್ಕಿನ ಉಳಿಯು ಪಕ್ಕದಲ್ಲಿ ಮೆಲ್ಲನೆ ಸರಿಯುತ್ತ ಎಳೆಎಳೆಯಾಗಿ ತೆಗೆಯುತ್ತದೆ. ಮೆದು ಉಕ್ಕು ಸುರುಳಿಯಾಗಿ ಬರುತ್ತದೆ, ಹಿತ್ತಾಳೆ ಪುಡಿಪುಡಿಯಾಗಿ ಉದುರುತ್ತದೆ. ಮೊಸರಿಗೂ ಲೋಹಕ್ಕೂ ನಮ್ಮ ಕನ್ನಡದಲ್ಲಿ ‘ಕಡೆಯುವುದು’ ಎಂಬ ಒಂದೇ ಮಾತಿರುವುದು ಎಷ್ಟು ಉಚಿತ!

ಅಣ್ಣನ ಕಣ್ಣು ಈಗ ಮಂದವಾಗಿದೆ. ಮೈಕ್ರೋಮೀಟರಿನ ಸಣ್ಣ ಗೆರೆಗಳು ಅವನಿಗೆ ಕಾಣವು. ಒಂದು ಭಾನುವಾರ ಅವನು ಕೊಟ್ಟಿಗೆಯಿಂದಲೇ ಕೂಗಿದನು: “ಲೋ ತಮ್ಮ, ಓದೋದರಲ್ಲಿ ನೀನು ಗಟ್ಟಿಗನಲ್ಲವೆ? ಬಾ, ಇದನ್ನೊಂದಿಷ್ಟು ಓದು.” ಅಂದಿನಿಂದ ನಾನೂ, ಹತ್ತು ವರ್ಷದ ನನ್ನ ಮೊಮ್ಮಗಳೂ ಅವನ ಶಿಷ್ಯರಾದೆವು.

ಮೊದಲ ಪಾಠ ವೇಷದ್ದು. ಹೆಗಲ ಶಲ್ಯವನ್ನು ಹೊರಗೆ ಇಡಿಸಿದನು, ಉಂಗುರವನ್ನು ತೆಗೆಸಿದನು, ಮೊಮ್ಮಗಳ ಜಡೆಯನ್ನು ಎತ್ತಿ ಕಟ್ಟಿಸಿ ಇಬ್ಬರಿಗೂ ಕನ್ನಡಕ ತೊಡಿಸಿದನು. ತಿರುಗುವ ಯಂತ್ರದ ಬಳಿ ಕೈಚೀಲವೂ ಕೂಡದು; ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚಕ್ಕಿನ ಕೀಲಿಯನ್ನು ಬಿಗಿದ ಒಡನೆ ತೆಗೆದಿಡತಕ್ಕದ್ದು. ಮರೆತು ಯಂತ್ರ ಹೊರಡಿಸಿದರೆ ಅದು ಬಾಣದಂತೆ ಹಾರುವುದು. “ಈ ಯಂತ್ರಕ್ಕೆ ಮೇಷ್ಟ್ರು ಯಾರು, ಮಗು ಯಾರು ಅಂತ ಗೊತ್ತಾಗೋದಿಲ್ಲ” ಎಂದು ಅಣ್ಣನು ಹೇಳಿದನು.

2022ರಲ್ಲಿ ವಾಣಿವಿಲಾಸ ಸಾಗರವು ಎಂಬತ್ತೊಂಬತ್ತು ವರ್ಷಗಳ ಬಳಿಕ ಕೋಡಿ ಬಿದ್ದುದು ನಿಮಗೆ ನೆನಪಿರಬಹುದು. ಆ ಮಳೆಯಿಂದ ನಮ್ಮ ಹಿತ್ತಲ ಬಾವಿಗೂ ನೀರು ಬಂದಿತು. ಆದರೆ ಬಾವಿಯ ರಾಟೆಯೊಳಗಿನ ಬುಷ್ ಸವೆದು, ನೀರು ಸೇದಿದಾಗಲೆಲ್ಲ ಅದು ಅಳುತ್ತಿತ್ತು. ಗನ್‌ಮೆಟಲ್ಲಿನ ಹೊಸ ಬುಷ್ ಕಡೆಯುವುದೆಂದು ನಿಶ್ಚಯವಾಯಿತು. ಹೊರಮೈ 40 ಮಿಲಿಮೀಟರು. ರಾಟೆಯ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದರೆ ಮಾತ್ರ ಅದು ಬಿಗಿಯಾಗಿ ಕೂಡುವುದು.

ನಾನು ಕಡೆದೆನು, ಅಳೆದೆನು, ಲೆಕ್ಕ ಸರಿಯಿತ್ತು. ಹಿಗ್ಗಿನಿಂದ ಅಣ್ಣನ ಕೈಗಿತ್ತೆನು. ಅವನು ಒಂದಿಷ್ಟು ಹೊತ್ತು ಹಿಡಿದಿದ್ದು, “ಬಿಸಿಯಿದ್ದಾಗ ಅಳೆದೆ” ಎಂದನು. ಲೋಹವು ಬಿಸಿಯಲ್ಲಿ ಹಿಗ್ಗುವುದೆಂದು ನಾನೂ ಓದಿದ್ದೆನು. 40 ಮಿಲಿಮೀಟರಿನ ಗನ್‌ಮೆಟಲ್ ತುಂಡು 50 ಡಿಗ್ರಿಯಷ್ಟು ಆರಿದರೆ ಸುಮಾರು 0.035 ಮಿಲಿಮೀಟರು ಕುಗ್ಗುತ್ತದೆ; ಬಿಗಿಯಾಗಿ ಕೂಡಲು ಬೇಕಾದ ಹೆಚ್ಚಳವೂ ಅಷ್ಟೇ. ಆರಿದ ಮೇಲೆ ಬುಷ್ ರಂಧ್ರದಲ್ಲಿ ಸಡಿಲವಾಗಿ ಜಾರಿತು. ಕಡೆದುದನ್ನು ಮತ್ತೆ ಕೂಡಿಸಲು ವಿಶ್ವಕರ್ಮನಿಂದಲೂ ಆಗದು. ಅಣ್ಣನು ಮರುಮಾತಿಲ್ಲದೆ ಇನ್ನೊಂದು ತುಂಡನ್ನು ಚಕ್ಕಿಗೆ ಬಿಗಿದನು.

ಎರಡನೆಯ ಸಲ ಹೊರಮೈಯನ್ನು ಕೊಂಚ ದಪ್ಪವಾಗಿಯೇ ಬಿಟ್ಟು ನಿಲ್ಲಿಸಿ, ಕಡೆಯ ಎಳೆ ತೆಗೆಯುವ ಮುಂಚೆ ಅರ್ಧ ಗಂಟೆ ಕಾದೆವು. ಮೊಮ್ಮಗಳು ಪುಡಿ ಗುಡಿಸುತ್ತಿದ್ದಳು. ಆ ಮೌನದಲ್ಲಿ, ಮೂವತ್ತು ವರ್ಷಗಳಿಂದ ಎದೆಯಲ್ಲಿದ್ದ ಮಾತನ್ನು ನಾನು ಹೊರಗೆ ಹಾಕಿದೆನು. ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ, ಅಣ್ಣನು ನನಗೆಂದು ಮನೆಯಿಂದ ಬುತ್ತಿ ಹೊತ್ತು, ಎಣ್ಣೆಯ ಅಂಗಿಯಲ್ಲಿಯೇ ಶಾಲೆಗೆ ಬಂದಿದ್ದನು. ಜೊತೆಗಿದ್ದವರು ಯಾರೆಂದು ಕೇಳಿದರು. “ನಮ್ಮೂರಿನವನು” ಎಂದಿದ್ದೆನು. ಅಣ್ಣನೆಂದು ಹೇಳಲಿಲ್ಲ. ಅವನಿಗೆ ಅದು ಕೇಳಿಸಿತೋ ಇಲ್ಲವೋ ಎಂಬುದೇ ಇಷ್ಟು ಕಾಲ ನನ್ನ ವ್ಯಥೆಯಾಗಿತ್ತು.

“ಕೇಳಿಸಿತ್ತು” ಎಂದನು ಅಣ್ಣ. ತುಸು ಹೊತ್ತು ಬಿಟ್ಟು, “ಅವತ್ತು ನಾನೇ ಬೇರೆ ಅಂಗಿ ಹಾಕಿಕೊಂಡು ಬರಬೇಕಿತ್ತು ಅಂತ ಇಷ್ಟು ವರ್ಷವೂ ಅಂದುಕೊಳ್ಳುತ್ತಿದ್ದೆ” ಎಂದನು. ನನಗೆ ಉತ್ತರ ಹೊಳೆಯಲಿಲ್ಲ, ಕಣ್ಣು ಮಂಜಾಯಿತು. ಅವನೇ, “ಮುಟ್ಟಿ ನೋಡೋ, ಆರಿತಾ?” ಎಂದು ಕೇಳಿದನು. ಆರಿತ್ತು. ಅಳೆದು, ಕಡೆಯ ಎಳೆ ತೆಗೆದು, ಮತ್ತೆ ಆರಿಸಿ ಅಳೆದೆನು. ವೈಸಿನ ಹಲ್ಲುಗಳ ನಡುವೆ ಮರದ ತುಂಡಿಟ್ಟು ಇಬ್ಬರೂ ಕೂಡಿ ಬುಷ್ಷನ್ನು ರಾಟೆಯೊಳಗೆ ಒತ್ತಿದೆವು. ಸಂಜೆ ಅತ್ತಿಗೆಯವರು ಬಾವಿಕಟ್ಟೆಯಿಂದ ಬಂದು, “ರಾಟೆಗೆ ಏನು ಮಾಡಿದಿರಿ? ಸದ್ದೇ ಇಲ್ಲವಲ್ಲ!” ಎಂದರು.

ವಾಚಕರೇ, ಎಲ್ಲರ ಮನೆಯಲ್ಲಿಯೂ ಲೇತು ಇರಲಾರದು, ಇರಬೇಕೆಂದೂ ಇಲ್ಲ. ಒಂದು ವೈಸು, ಎರಡು ಅರ, ಲೋಹ ಕೊಯ್ಯುವ ಒಂದು ಗರಗಸ ಇದ್ದರೆ ಬಾಗಿಲ ಚಿಲಕವನ್ನೋ ದೀಪದ ಕೊಕ್ಕೆಯನ್ನೋ ಮಕ್ಕಳೊಡನೆ ಕುಳಿತು ಮಾಡಬಹುದು. ಎದುರುಬದುರು ಕುಳಿತು ಆಡಲಾಗದ ಮಾತುಗಳು, ಪಕ್ಕಪಕ್ಕದಲ್ಲಿ ನಿಂತು ಒಂದೇ ಕೆಲಸವನ್ನು ನೋಡುವಾಗ ತಾವಾಗಿ ಹೊರಬರುತ್ತವೆ. ನಿಮ್ಮ ಮನೆಯಲ್ಲಿ ಕೈಯಿಂದ ದುಡಿದ ಹಿರಿಯರೊಬ್ಬರು ಇದ್ದರೆ, ಅವರ ಕೆಲಸವನ್ನು ಒಂದು ದಿನವಾದರೂ ಹತ್ತಿರ ನಿಂತು ನೋಡಿ, ಸಾಧ್ಯವಾದರೆ ಕಲಿಯಿರಿ. ನಾನು ತಡಮಾಡಿದೆನು. ಆದರೂ ಬಾಗಿಲು ತೆರೆದೇ ಇತ್ತು.

ಮುಂದಿನ ಭಾನುವಾರಕ್ಕೆ ಮೊಮ್ಮಗಳು ಹಿತ್ತಾಳೆಯ ಬುಗುರಿ ಬೇಕೆಂದಿದ್ದಾಳೆ. ದೊಡ್ಡಜ್ಜನು ಅವಳಿಗೇ ಉಳಿ ಹಿಡಿಯಲು ಕಲಿಸುವನಂತೆ. ಅಳತೆ ಓದುವ ಕೆಲಸ ನನ್ನದು.