ಸಾಲದ ಮಾಳಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಕನ್ನಡಿಗರ ಬಾಯಲ್ಲಿ ಎಂದಿನಿಂದಲೂ ಇರುವದು. ಅದು ಎಚ್ಚರಿಕೆಯ ಮಾತೇ ಹೊರತು ಪ್ರೋತ್ಸಾಹದ ಮಾತಲ್ಲ. ಆದರೆ ಅದನ್ನೇ ಪಂಥದ ಕರೆಯೆಂದು ತಿಳಿದು, ಕೈಯಲ್ಲಿಲ್ಲದ ಹಣದಿಂದ ಮಾಳಿಗೆಯ ಮೇಲೆ ಮಾಳಿಗೆಯನ್ನೇರಿಸುವವರು ಈಗ ಬಹಳ. ಕಾರಟಗಿಯಂಥ ಊರಿನಲ್ಲಿ ಈ ಚಪಲವು ವಿಶೇಷವಾಗಿ ವಿಚಾರಾರ್ಹವಾದುದು. ಏಕೆಂದರೆ ಇಲ್ಲಿಯ ಸಿರಿಯ ಬೇರು ಕಾಲುವೆಯ ನೀರಿನಲ್ಲಿರುವದು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಬಳಿಕ ಎಡದಂಡೆಯ ಸೀಮೆಯು ಭತ್ತದ ನಾಡಾಯಿತು. ಅಕ್ಕಿಯ ಗಿರಣಿಗಳೆದ್ದವು, ಕಾರಟಗಿಯು ತಾಲೂಕಿನ ಕೇಂದ್ರವಾಯಿತು, ರೈಲೂ ಬಂದಿತು. ಒಕ್ಕಲಿಗನೊಬ್ಬನೇ ಅಲ್ಲ, ಅಡತಿಯವನು, ಲಾರಿಯವನು, ಗೊಬ್ಬರದ ಅಂಗಡಿಯವನು, ಬಟ್ಟೆಯ ವ್ಯಾಪಾರಿ, ಇವರೆಲ್ಲರ ಗಳಿಕೆಯೂ ಸುಗ್ಗಿಯನ್ನೇ ನೆಮ್ಮಿರುವದು. ಸುಗ್ಗಿಯೋ ನೀರನ್ನು ನೆಮ್ಮಿರುವದು. 2023ರಲ್ಲಿ ಬರ ಬಿದ್ದು ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. 2024ರ ಅಗಸ್ಟ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋಯಿತು. ಹಳೆಯ 33 ಗೇಟುಗಳನ್ನೂ ಬದಲಿಸುವ ಸಲುವಾಗಿ 2025-26ರ ಎರಡನೆಯ ಬೆಳೆಗೆ ನೀರಿಲ್ಲವೆಂದು ನಿರ್ಣಯವಾಯಿತು. ಮೂರು ವರ್ಷಗಳಲ್ಲಿ ಮೂರು ಪಾಠಗಳು! ಸುಗ್ಗಿಗೆ ರಜೆಯುಂಟು, ಸಾಲದ ಕಂತಿಗೆ ರಜೆಯಿಲ್ಲ.

ಲೆಕ್ಕವನ್ನು ಬಿಡಿಸಿ ನೋಡತಕ್ಕದ್ದು. 30 ಲಕ್ಷ ರೂಪಾಯಿಯ ಸಾಲವನ್ನು ನೂರಕ್ಕೆ ಎಂಟೂವರೆಯ ಬಡ್ಡಿಯಿಂದ 20 ವರ್ಷಗಳ ಅವಧಿಗೆ ತಂದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಅವಧಿ ತೀರುವಷ್ಟರಲ್ಲಿ ಕಟ್ಟುವದು 62 ಲಕ್ಷಕ್ಕೂ ಮಿಕ್ಕಿ. ಅಂದರೆ ಬಡ್ಡಿಯೇ ಅಸಲನ್ನು ಮೀರುವದು. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ಸರಕಾರವು ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ದರದಿಂದ ಎಣಿಸಿದರೆ ಒಂದೊಂದು ಕಂತಿಗೆ 11 ಕ್ವಿಂಟಲ್, ವರ್ಷಕ್ಕೆ 132 ಕ್ವಿಂಟಲ್ ಭತ್ತ ಅಳೆದುಕೊಡಬೇಕು. ಬೀಜ, ಗೊಬ್ಬರ, ಕೂಲಿಗಳ ಖರ್ಚು ಬೇರೆ. ನೀರು ಬಾರದ ಸಾಲಿನಲ್ಲಿ ಈ ರಾಶಿ ಯಾವ ಕಣದಿಂದ ಬರಬೇಕು?

“ಬಾಡಿಗೆ ಕೊಡುವದು ಹಣವನ್ನು ಹಳ್ಳಕ್ಕೆ ಚೆಲ್ಲಿದಂತೆ” ಎಂಬುದು ಸಾಲಪ್ರಿಯರ ಮೊದಲನೆಯ ವಾದ. ಬಾಡಿಗೆಯು ಮನೆಯ ಬಾಡಿಗೆಯಾದರೆ ಬಡ್ಡಿಯು ಹಣದ ಬಾಡಿಗೆ. ಮೇಲೆ ಹೇಳಿದ ಸಾಲದ ಮೊದಲನೆಯ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವದು 4,785 ರೂಪಾಯಿ ಮಾತ್ರ. ಐದಾರು ಸಾವಿರದ ಬಾಡಿಗೆಗೆ ಮರುಗುವವರು ಇಪ್ಪತ್ತೊಂದು ಸಾವಿರದ ಬಡ್ಡಿಗೆ ಮರುಗದಿರುವದು ವಿಚಿತ್ರವಲ್ಲವೆ?

“ಬ್ಯಾಂಕು ತಾನೇ ಕೊಡುತ್ತದೆ, ನಮ್ಮ ಯೋಗ್ಯತೆಯಿಲ್ಲದೆ ಕೊಟ್ಟೀತೆ?” ಎಂಬುದು ಎರಡನೆಯದು. ರಿಸರ್ವ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ ನೂರಕ್ಕೆ 90ರಷ್ಟನ್ನು ಕೊಡಬಹುದು. ಅದು ಕೊಡುವವನ ಮಿತಿಯೇ ಹೊರತು ಕೊಳ್ಳುವವನ ಶಕ್ತಿಯ ಅಳತೆಗೋಲಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲಿನ ಕರಗಳು, 2025ರ ಅಗಸ್ಟ 31ರಿಂದ ಇಮ್ಮಡಿಯಾದ ನೋಂದಣಿ ಶುಲ್ಕ ನೂರಕ್ಕೆ 2, ಇವೆಲ್ಲ ಕೂಡಿ ಏಳೂವರೆಗೆ ಮಿಕ್ಕುವವು. 34 ಲಕ್ಷದ ಮನೆಗೆ ಇದೊಂದೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಈ ಹಣಕ್ಕಾಗಿ ಹೆಂಡತಿಯ ಕೊರಳಿನ ಬಂಗಾರವು ಒತ್ತೆಗೆ ಹೋಗುವದು. ಸಾಲದ ತಳಹದಿಗೂ ಸಾಲವೇ ಕಲ್ಲಾಗುವದು.

“ತೆರಿಗೆಯಲ್ಲಿ ರಿಯಾಯತಿ ಇದೆ” ಎಂಬುದು ಮೂರನೆಯದು. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ರಿಯಾಯತಿ ಎಲ್ಲಿಯದು? ಸಂಬಳದವರಿಗೂ ಹೊಸ ತೆರಿಗೆ ಪದ್ಧತಿಯಲ್ಲಿ ತಾವು ವಾಸಿಸುವ ಮನೆಯ ಬಡ್ಡಿಗೆ ಆ ವಿನಾಯತಿ ದೊರೆಯದು.

ಬಡ್ಡಿಯೂ ನಿಂತಲ್ಲಿ ನಿಲ್ಲುವದಲ್ಲ. 2022ರ ಮೇ ತಿಂಗಳಿನ ಆದಿಯಲ್ಲಿ ನೂರಕ್ಕೆ 4 ಇದ್ದ ರೆಪೊ ದರವು 2023ರ ಫೆಬ್ರುವರಿಯಷ್ಟರಲ್ಲಿ ಆರೂವರೆಗೇರಿತು; 2025ರ ಡಿಸೆಂಬರದಲ್ಲಿ 5.25ಕ್ಕೆ ಇಳಿಯಿತು. ಇಳಿದದ್ದು ಇನ್ನೊಮ್ಮೆ ಏರದೆಂಬ ಭರವಸೆಯನ್ನು ಯಾರೂ ಕೊಡಲಾರರು. ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ನಿಂತರೆ ಅದು ವಸೂಲಾಗದ ಸಾಲವೆನಿಸುವದು. 2002ರ ಸರ್ಫೇಸಿ ಕಾಯಿದೆಯ ಮೇರೆಗೆ 60 ದಿನಗಳ ನೋಟೀಸಿನ ತರುವಾಯ, ದಾವೆ ಹೂಡದೆಯೇ, ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಬೇಸಾಯದ ಭೂಮಿಗೆ ಆ ಕಾಯಿದೆಯಿಂದ ರಕ್ಷಣೆಯುಂಟು. ಒತ್ತೆಯಿಟ್ಟ ಮನೆಗೆ ಇಲ್ಲ.

ಹಾಗಾದರೆ ಮನೆಯೇ ಬೇಡವೆ? ಬೇಕು, ತನ್ನದೊಂದು ಸೂರು ಬೇಕೆಂಬ ಆಸೆ ನಿಂದ್ಯವಲ್ಲ. ನಿಂದ್ಯವಾದುದು, ನೆರೆಮನೆಯ ಮಾಳಿಗೆಯನ್ನು ನೋಡಿ ತನ್ನ ತಳಹದಿಯನ್ನು ಅಳೆಯುವ ಬುದ್ಧಿ. ಎರಡು ಬೆಳೆಯ ವರ್ಷದ ಗಳಿಕೆಯ ಮೇಲೆ ಅಲ್ಲ, ಒಂದು ಬೆಳೆಯ ವರ್ಷದ ಗಳಿಕೆಯ ಮೇಲೆ ಕಂತನ್ನು ನಿಶ್ಚಯಿಸಬೇಕು; ಹಳೆಯ ಸಾಲಗಳ ಕಂತುಗಳೂ ಕೂಡಿ ಅದರ ಮೂರನೆಯ ಒಂದು ಪಾಲನ್ನು ಮೀರಕೂಡದು. ಒಂದು ವರ್ಷದ ಕಂತಿನಷ್ಟು ಹಣ ಮೊದಲೇ ಗಂಟಿನಲ್ಲಿರಬೇಕು. ಗದ್ದೆಯಲ್ಲಿ ನೆಟ್ಟ ಕಲ್ಲುಗಳನ್ನು ನೋಡಿ ನಿವೇಶನವೆಂದು ನಂಬದೆ, ಭೂಪರಿವರ್ತನೆಯ ಆದೇಶ, ಇ-ಖಾತೆ, ಋಣಭಾರ ಪತ್ರಗಳನ್ನು ವಕೀಲರಿಂದ ಓದಿಸಬೇಕು. ಮೊದಲು ಎರಡು ಕೋಣೆ, ಒಂದು ಅಡಿಗೆಮನೆ. ಮೇಲ್ಮಾಳಿಗೆಯು ಮುಂದಿನ ಸುಗ್ಗಿಗಳಿಗೆ ಕಾಯಲಿ.

ಸಾಲವಿಲ್ಲದ ಎರಡು ಕೋಣೆಯಲ್ಲಿ ಮನೆಮಂದಿಯು ನಿದ್ದೆಮಾಡುವರು. ಸಾಲದ ಎರಡು ಮಾಳಿಗೆಯಲ್ಲಿ ಯಜಮಾನನು ಎಚ್ಚರವಿರುವನು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳಿಕೊಡುವ ಹಿರಿಯರು ಮನೆಯ ಗುದ್ದಲಿಪೂಜೆಗೆ ಮುನ್ನ ಆ ಪಾಠವನ್ನು ತಾವೇ ಒಮ್ಮೆ ಒಪ್ಪಿಸಲಿ.